ವಿ. ಲುಕಪ್ಪನ ಕಾಲ, ದೇಶ ಮತ್ತು ಮತ

ವಾಣಿಜ್ಯ ಶಿಕ್ಷಣದಲ್ಲಿ ಮಾಹಿತಿ ತಂತ್ರಜ್ಞಾನದ ಪಾತ್ರ ಎಂಬ ವಿಷಯವಾಗಿ ಈ ನಾಡಿನಲ್ಲಿ ನಡೆದ ವಿಚಾರ ಸಂಕಿರಣಗಳಿಗೆ ಲೆಕ್ಕವಿಲ್ಲ. ಅಲ್ಲಿ ಹಂಚಿದ ಬ್ಯಾಗು, ಪೆನ್ನು, ಮಧ್ಯಾಹ್ನದ ಹೋಳಿಗೆಗಳಿಗೆ ಮಾತ್ರ ಲೆಕ್ಕವುಂಟು; ಆಡಿಟ್‌ನವರು ಬಿಡುವುದಿಲ್ಲ. ಇಷ್ಟೆಲ್ಲ ನಡೆದೂ, ಬಿ.ಕಾಂ., ಎಂ.ಬಿ.ಎ. ಮಕ್ಕಳ ನಾಲಗೆಯ ಮೇಲೆ ನಿತ್ಯ ನಲಿಯುವ ವಿ. ಲುಕಪ್ಪನ ಬಗ್ಗೆ ಒಂದೇ ಒಂದು ಪ್ರಬಂಧ ಬಾರದಿರುವುದು ಕನ್ನಡ ವಿದ್ವತ್ತಿಗೆ ಅಂಟಿದ ಕಳಂಕ. ಪ್ರಸ್ತುತ ಪ್ರಬಂಧಕಾರನು ತನ್ನ ಅಲ್ಪಮತಿಗೆ ಎಟುಕಿದಷ್ಟು ಅದನ್ನು ಒರೆಸಲು ಹೊರಟಿದ್ದಾನೆ.

ಮೊದಲು ನಾಮವಿಚಾರ. ಇದು ‘ವರ್ಟಿಕಲ್ ಲುಕಪ್’ ಎಂಬುದರ ಹ್ರಸ್ವರೂಪ, ಎಕ್ಸೆಲ್ ತಂತ್ರಾಂಶದ ಒಂದು ಸೂತ್ರ, ರಿಜಿಸ್ಟರ್ ನಂಬರ್ ಕೊಟ್ಟರೆ ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ಹುಡುಕಿ ಆ ಸಾಲಿನ ಅಂಕವನ್ನು ಹೆಕ್ಕಿ ತರುತ್ತದೆ, ಅಷ್ಟೇ, ಎಂದು ಇಂಗ್ಲಿಷ್ ಬಲ್ಲವರು ಹೇಳುತ್ತಾರೆ. ಇದು ಮೇಲುನೋಟದ ಮಾತು. ತಿಮ್ಮಪ್ಪ, ಕೆಂಚಪ್ಪ, ಮಲ್ಲಪ್ಪ, ಲುಕಪ್ಪ ಎಂದು ಒಂದೇ ಉಸಿರಿಗೆ ಹೇಳಿ ನೋಡಿ. ನಾಲ್ಕನೆಯವನು ಪರಸ್ಥಳದವನೆಂದು ಯಾರ ಕಿವಿಗೂ ಅನ್ನಿಸದು. ಕೊನೆಯ ಸ್ವರ ಬಿದ್ದುಹೋಗಿರುವುದು ಬೆಂಗಳೂರಿಗರ ಉಚ್ಚಾರಣೆಯ ಸೋಮಾರಿತನದಿಂದ. ಇನ್ನು ಕೆಲಸದ ಸಂದರ್ಶನದಲ್ಲಿ ಕೇಳುವುದಾದರೂ ಏನು? ‘ವಿ ಲುಕಪ್ ಬರುತ್ತಾ?’ ದೇವರು ಮೈಮೇಲೆ ಬರುವುದಕ್ಕೆ ನಾವು ಬಳಸುವ ಕ್ರಿಯಾಪದವೇ ಇದು. ‘ಬರುತ್ತೆ ಸಾರ್’ ಎಂದ ಅಭ್ಯರ್ಥಿಯ ಕೈಕಾಲು ನಡುಗುವುದನ್ನು ಈ ಪ್ರಬಂಧಕಾರನು ಕಣ್ಣಾರೆ ಕಂಡಿದ್ದಾನೆ.

ಹೆಸರು ಇತ್ಯರ್ಥವಾದರೆ ಮುಂದಿನದು ಇನಿಷಿಯಲ್. ‘ವಿ’ ಎಂದರೆ ಊರು. ವಿರಾಜಪೇಟೆಯವರು ತಮ್ಮದೆನ್ನುತ್ತಾರೆ, ವಿಟ್ಲದವರು ಬಿಡುವುದಿಲ್ಲ. ವಿಜಯಪುರದ ವಾದವನ್ನು ಮಾತ್ರ ಖಂಡಿಸಲೇಬೇಕಾಗಿದೆ. ಆ ಊರು ಸರ್ಕಾರಿ ಕಾಗದದಲ್ಲಿ ವಿಜಯಪುರವಾದದ್ದು 2014ರ ನವೆಂಬರ್ 1ರಂದು. ನಮ್ಮ ಕಥಾನಾಯಕ ಅದಕ್ಕೂ ಮೂರು ದಶಕ ಹಿಂದಿನವನು. ಅಲ್ಲಿಯವನೇ ಆಗಿದ್ದರೆ ‘ಬಿ. ಲುಕಪ್ಪ’ ಆಗಬೇಕಿತ್ತು. ಈತನಿಗೆ ಎಚ್. ಲುಕಪ್ಪನೆಂಬ ಸಹೋದರನಿದ್ದಾನೆ. ಅಡ್ಡಡ್ಡ ಹುಡುಕುತ್ತಾನೆ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೆ ಬಿಟ್ಟರೆ ಅವನನ್ನು ಕೇಳುವವರಿಲ್ಲವಾದ್ದರಿಂದ ಹಾಸನದವನೋ ಹಾವೇರಿಯವನೋ ಎಂಬ ಜಗಳವೂ ಹುಟ್ಟಿಲ್ಲ. 2019ರಲ್ಲಿ ಪ್ರಕಟನಾದ ಎಕ್ಸ್. ಲುಕಪ್ಪ ಇವರ ಮೊಮ್ಮಗನಿರಬೇಕು. ಎಕ್ಸ್ ಅಕ್ಷರದ ಊರು ಕರ್ನಾಟಕದಲ್ಲಿ ಇಲ್ಲವಾದ್ದರಿಂದ ಆತ ಅಮೆರಿಕದಲ್ಲೇ ಹುಟ್ಟಿದ ಎನ್ನಾರೈ ಕೂಸು. ನಮ್ಮ ಕಾಲೇಜುಗಳ ಲ್ಯಾಬಿನಲ್ಲಿರುವ ಹಳೆಯ ಎಕ್ಸೆಲ್‌ಗೆ ಅವನ ಪರಿಚಯವಿಲ್ಲ.

ಕಾಲನಿರ್ಣಯ ಇಷ್ಟು ಸುಲಭವಲ್ಲ. ಇಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಥಳಪುರಾಣವೊಂದನ್ನು ನೋಡಬೇಕಾಗುತ್ತದೆ. 1978ರ ಸುಮಾರಿಗೆ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಡ್ಯಾನ್ ಬ್ರಿಕ್ಲಿನ್ ಎಂಬ ಎಂ.ಬಿ.ಎ. ವಿದ್ಯಾರ್ಥಿ ತರಗತಿಯಲ್ಲಿ ಕೂತಿದ್ದ. ಮೇಷ್ಟ್ರು ಕರಿಹಲಗೆಯ ಮೇಲೆ ಉದ್ದಗಲದ ಲೆಕ್ಕದ ಕೋಷ್ಟಕ ಹಾಕಿದ್ದರು. ಒಂದು ಅಂಕಿ ತಪ್ಪಾಯಿತು, ಇಲ್ಲವೇ ಒಂದು ಅಂಕಿ ಬದಲಿಸಿ ನೋಡೋಣವೆನ್ನಿಸಿತು. ಅಷ್ಟಕ್ಕೆ ಅದರ ಮುಂದಿನ ಮನೆ, ಅದರ ಮುಂದಿನದು, ಕೆಳಗಿನ ಮೊತ್ತ, ಎಲ್ಲವನ್ನೂ ಡಸ್ಟರಿನಿಂದ ಒರೆಸಿ ಬರೆಯಬೇಕು. ಬೇರೆ ಯಾರಾದರೂ ಆಗಿದ್ದರೆ ಆ ಬಿಡುವಿನಲ್ಲಿ ಆಕಳಿಸುತ್ತಿದ್ದರು. ಬ್ರಿಕ್ಲಿನ್, ಒಂದು ಅಂಕಿ ಬದಲಿಸಿದರೆ ಉಳಿದವೆಲ್ಲ ತಾವೇ ಬದಲಾಗುವ ಮಾಂತ್ರಿಕ ಹಲಗೆಯ ಕನಸು ಕಂಡ. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಅದಕ್ಕೆ ಪ್ರೋಗ್ರಾಂ ಬರೆದ. 1979ರಲ್ಲಿ ಆ್ಯಪಲ್ 2 ಯಂತ್ರಕ್ಕೆ ‘ವಿಸಿಕ್ಯಾಲ್ಕ್’ ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೆ ಬಂತು: 63 ಕಂಬಸಾಲು, 254 ಅಡ್ಡಸಾಲು. ಅದಕ್ಕೂ ಮೊದಲೇ ಬ್ರಿಕ್ಲಿನ್ ಅದರ ಮಾದರಿಯಲ್ಲಿ ಪೆಪ್ಸಿ ಕಂಪನಿಯ ಮೇಲಿನ ತನ್ನ ಹೋಂವರ್ಕ್ ಮಾಡಿ, ಹೀಗಾದರೆ ಹೇಗೆ, ಹಾಗಾದರೆ ಹೇಗೆ ಎಂದು ನಾನಾ ಲೆಕ್ಕ ಹಾಕಿ ತರಗತಿಗೆ ಒಯ್ದಿದ್ದ.

ಪ್ರಬಂಧಕಾರನ ಒಂದು ಸಣ್ಣ ತಕರಾರು: ನಮ್ಮ ಸಾಹುಕಾರರೂ ಹುಣಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು, ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಹಾಗಿದ್ದೂ ನಮ್ಮಲ್ಲಿ ಯಾವ ಗುಮಾಸ್ತನೂ ವಿಸಿಕ್ಯಾಲ್ಕ್ ಕನಸು ಕಾಣದಿರುವುದಕ್ಕೆ ಕಾರಣವಿದೆ. ಸಾಹುಕಾರರ ಎದುರು ಕೂತು ‘ಅಂಕಿ ಬದಲಿಸಿ ನೋಡೋಣವೇ?’ ಎಂದವನು ಮಾರನೆಯ ದಿನ ಕೆಲಸದಲ್ಲಿರುತ್ತಿರಲಿಲ್ಲ.

ವಿಸಿಕ್ಯಾಲ್ಕ್‌ನಲ್ಲಿದ್ದದ್ದು ಇನಿಷಿಯಲ್ ಇಲ್ಲದ ಬರೀ ಲುಕಪ್ಪ. 1983ರಲ್ಲಿ ಬಂದ ಲೋಟಸ್ 1-2-3ರಲ್ಲಿ, ಆಮೇಲೆ 1985ರಲ್ಲಿ ಬಂದ ಎಕ್ಸೆಲ್‌ನಲ್ಲಿ, ‘ವಿ’ ಕಾಣಿಸುತ್ತದೆ. ಮನುಷ್ಯ ಸ್ವಲ್ಪ ಅನುಕೂಲಸ್ಥನಾದ ಮೇಲೆ ಊರ ಹೆಸರು ಸೇರಿಸಿಕೊಳ್ಳುವುದು ಲೋಕರೂಢಿ. ಜನ್ಮತಿಥಿಯ ಪ್ರಶ್ನೆ ಮಾತ್ರ ಇನ್ನೂ ಗಹನ. ಎಕ್ಸೆಲ್ ಪಂಚಾಂಗವು 1900ರ ಜನವರಿ 1ರಂದು ಶುರುವಾಗುತ್ತದೆ. ಅದರ 60ನೆಯ ದಿನ 1900ರ ಫೆಬ್ರವರಿ 29. ಅಂಥದೊಂದು ದಿನ ಭೂಮಿಯ ಮೇಲೆ ಬೆಳಗಾಗಲೇ ಇಲ್ಲ, 1900 ಅಧಿಕವರ್ಷವಲ್ಲ. ಲೋಟಸ್‌ನವರು ಮಾಡಿದ ತಪ್ಪನ್ನು, ಅವರ ಕಡತಗಳು ಇಲ್ಲಿಯೂ ತಾಳೆಯಾಗಲಿ ಎಂದು ಎಕ್ಸೆಲ್‌ನವರು ತಿಳಿದೇ ಉಳಿಸಿಕೊಂಡರು, ಇವತ್ತಿಗೂ ಇದೆ. ನಮ್ಮ ಕಥಾನಾಯಕನ ಜನ್ಮತಿಥಿ ಅದೇ ಆಗಿರಬೇಕು; ಇಲ್ಲದ ದಿನ ಹುಟ್ಟಿದವನು ಕಾಲಾತೀತನೆಂಬುದು ಸಿದ್ಧವಷ್ಟೆ. ಲುಕಪ್ಪನ ಜಯಂತಿಗೆ ಸರ್ಕಾರಿ ರಜೆ ಕೇಳಲು ಬರುವುದಿಲ್ಲವೆಂಬುದೊಂದೇ ಇದರ ಅನನುಕೂಲ.

ದೇವಾಲಯ ವಾಸ್ತುವಿನ ಕಡೆ ಈಗ ಬರೋಣ. ಪದವಿ ಕಾಲೇಜಿನ ಕಂಪ್ಯೂಟರ್ ಲ್ಯಾಬು ಗುಡಿಯೇ ಎಂಬುದಕ್ಕೆ ಬಾಗಿಲಲ್ಲೇ ಶಾಸನವಿದೆ: ‘ಪಾದರಕ್ಷೆಗಳನ್ನು ಹೊರಗೆ ಬಿಡಿ’. ಒಳಗೆ ಗರ್ಭಗುಡಿಯ ತಂಪು, ಕಿಟಕಿಗೆ ಪರದೆ, ಮಾನಿಟರುಗಳಿಗೆ ಬಟ್ಟೆಯ ಮುಸುಕು. ಆಯುಧ ಪೂಜೆಯ ಕುಂಕುಮ ಯುಗಾದಿಯವರೆಗೂ ಕೀಬೋರ್ಡಿನಲ್ಲಿರುತ್ತದೆ. ದರ್ಶನ ವಾರಕ್ಕೊಮ್ಮೆ. ಒಂದು ವಿಗ್ರಹಕ್ಕೆ ಮೂವರು ಭಕ್ತರು. ಮುಟ್ಟುವವನೊಬ್ಬ, ನೋಡುವವನೊಬ್ಬ, ಹಾಜರಿ ಹಾಕಿಸಿಕೊಂಡು ಕ್ಯಾಂಟೀನಿಗೆ ಹೋಗುವವನೊಬ್ಬ. ಈ ಮೂರನೆಯ ಮಾರ್ಗದಿಂದಲೂ ಡಿಗ್ರಿ ದೊರೆತದ್ದಕ್ಕೆ ಪ್ರಬಂಧಕಾರನೇ ಸಾಕ್ಷಿ.

ಈ ಗುಡಿಯ ಉತ್ಸವಮೂರ್ತಿ ಟ್ಯಾಲಿ. ಬೆಂಗಳೂರಿನಲ್ಲಿ 1986ರಲ್ಲಿ ಗೋಯೆಂಕಾ ತಂದೆ-ಮಗ ಕಟ್ಟಿದ ಕಂಪನಿಯ ಲೆಕ್ಕದ ತಂತ್ರಾಂಶವಿದು. ‘ತಾಳೆ’ ಎಂಬ ಕನ್ನಡ ಪದವೇ ಇದರ ಮೂಲವೆಂದು, ತಾಳೆ ನೋಡು, ತಾಳೆಪಟ್ಟಿ ಮುಂತಾದ ಪ್ರಯೋಗಗಳ ಆಧಾರದಿಂದ ಈ ಪ್ರಬಂಧಕಾರನು ಸಾಧಿಸಬಲ್ಲ. ಇಂಗ್ಲಿಷ್ ನಿಘಂಟಿನವರು ಲ್ಯಾಟಿನ್ನಿನ ಕಡ್ಡಿಯೊಂದನ್ನು ತೋರಿಸುತ್ತಾರೆ. ಕಡ್ಡಿ ಆಡಿಸುವುದು ಅವರ ಕೆಲಸ. ಯಾವುದೇ ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಎದುರಿನ ಮಹಡಿಯ ಮೇಲೆ ‘ಬೇಸಿಕ್, ಎಕ್ಸೆಲ್, ಟ್ಯಾಲಿ ವಿತ್ ಜಿಎಸ್‌ಟಿ’ ಎಂಬ ಫಲಕವಿರುತ್ತದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಅದೇ ಫಲಕದ ಮೇಲೆ ಕೊನೆಯ ಎರಡು ಪದಗಳನ್ನು ಬೇರೆ ಬಣ್ಣದಲ್ಲಿ ಸೇರಿಸಲಾಯಿತು. ಪಠ್ಯಕ್ರಮ ಪರಿಷ್ಕರಣೆ ಇಷ್ಟು ಚುರುಕಾಗಿ ಯಾವ ವಿಶ್ವವಿದ್ಯಾಲಯದಲ್ಲೂ ನಡೆದದ್ದಿಲ್ಲ. ಅಲ್ಲಿ ಮಂತ್ರದೀಕ್ಷೆ ಹೀಗೆ: ಎಫ್ 4 ಕಾಂಟ್ರಾ, ಎಫ್ 5 ಪೇಮೆಂಟ್, ಎಫ್ 6 ರಿಸೀಟ್, ಎಫ್ 7 ಜರ್ನಲ್, ಎಫ್ 8 ಸೇಲ್ಸ್, ಎಫ್ 9 ಪರ್ಚೇಸ್. ಮಗ್ಗಿಯ ರಾಗದಲ್ಲೇ ಹೇಳಬೇಕು. ಅರ್ಥ ಕೇಳಬಾರದು. ನಮ್ಮ ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಕೇಳಿಯೇಬಿಟ್ಟರು.

‘ಎಫ್ 7 ಅಂದ್ರೆ ಏನಪ್ಪ?’

‘ಜರ್ನಲ್ ಸಾರ್.’

‘ಜರ್ನಲ್ ಅಂದ್ರೆ?’

‘ಎಫ್ 7 ಸಾರ್.’

ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ವೈವಾದಲ್ಲಿ ಇದಕ್ಕೆ ಎಂಟು ಅಂಕ. ಆ ಗೆಳೆಯ ಈಗ ಮೂರು ಅಂಗಡಿಗಳ ಲೆಕ್ಕ ಬರೆಯುತ್ತಾನೆ, ನನಗಿಂತ ಚೆನ್ನಾಗಿಯೇ ಇದ್ದಾನೆ.

ಲುಕಪ್ಪನ ಮತದ ಬಗ್ಗೆ ತೀವ್ರ ಭಿನ್ನಾಭಿಪ್ರಾಯಗಳಿವೆ. ಹುಡುಕುವ ಕಂಬಸಾಲಿನ ಬಲಕ್ಕೆ ಮಾತ್ರ ಅವನು ನೋಡಬಲ್ಲ. ಎಡಕ್ಕೆ ಕತ್ತು ತಿರುಗದು. ಇದರಿಂದ ಆತ ಬಲಪಂಥೀಯನೆಂದು ಒಂದು ಬಣ, ಪ್ರದಕ್ಷಿಣೆಯ ನಿಯಮವನ್ನು ಪಾಲಿಸುವ ಆಸ್ತಿಕನೆಂದು ಇನ್ನೊಂದು ಬಣ, ಬರೀ ಕತ್ತುನೋವೆಂದು ವೈದ್ಯರು. ಆದರೆ ಹುಡುಕಿದ್ದು ಸಿಗದಾಗ ಅವನು ಪರದೆಯ ಮೇಲೆ ತೋರಿಸುವುದು ‘ಎನ್.ಎ.’ ಎಂಬ ಎರಡಕ್ಷರ. ಇದು ‘ನ ಅಸ್ತಿ’ ಎಂಬುದರ ಸಂಕ್ಷೇಪವಲ್ಲದೆ ಮತ್ತೇನು? ನಾಸ್ತಿಕನೆಂದು ತೀರ್ಮಾನಿಸಿ ಪ್ರಬಂಧ ಮುಗಿಸಬಹುದಿತ್ತು, ಅವನ ಸೂತ್ರದ ಕೊನೆಯ ಪದವೊಂದಿಲ್ಲದಿದ್ದರೆ. ಕೊನೆಯಲ್ಲಿ ‘ಫಾಲ್ಸ್’, ಅಂದರೆ ಸುಳ್ಳು, ಎಂದು ಬರೆದರೆ ಕೇಳಿದ್ದನ್ನೇ ಸರಿಯಾಗಿ ತಂದುಕೊಡುತ್ತಾನೆ. ‘ಟ್ರೂ’ ಎಂದರೆ, ಅಥವಾ ಏನನ್ನೂ ಹೇಳದೆ ಬಿಟ್ಟರೆ, ಸುಮಾರಿಗೆ ಹತ್ತಿರದ್ದನ್ನು ತಂದು ಕೈಗಿಡುತ್ತಾನೆ. ಪಟ್ಟಿ ಅನುಕ್ರಮದಲ್ಲಿ ಇಲ್ಲದಿದ್ದರೆ ಒಬ್ಬನ ಅಂಕ ಇನ್ನೊಬ್ಬನಿಗೆ ಹೋದರೂ ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ನಿಜ ಬೇಕಾದವನು ಸುಳ್ಳೆಂದು ಸಂಕಲ್ಪ ಮಾಡಬೇಕೆಂಬ ಈ ದರ್ಶನವನ್ನು ಯಾವ ಆಚಾರ್ಯರ ಖಾತೆಗೆ ಹಾಕುವುದೆಂದು ತಿಳಿಯದೆ ಪ್ರಬಂಧಕಾರನು ಎರಡು ರಾತ್ರಿ ನಿದ್ದೆಗೆಟ್ಟಿದ್ದಾನೆ. ಕಾರಣ ಕೇಳಿದ್ದಕ್ಕೆ ನಮ್ಮ ಲ್ಯಾಬಿನ ಗುರುಗಳು ಕೊಟ್ಟ ಭಾಷ್ಯ ಒಂದೇ: ‘ಹಂಗೇ ಬರೀರಿ, ಬರುತ್ತೆ.’

ಹಂಗೇ ಬರೆಯದಿದ್ದರೆ ಏನಾಗುತ್ತದೆಂಬುದಕ್ಕೆ ಅದೇ ಮ್ಯಾಸಚೂಸೆಟ್ಸಿನಲ್ಲಿ ಎರಡನೆಯ ಪುರಾಣವಿದೆ. ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಪ್ರಬಂಧ ಬರೆದರು. ದೇಶದ ಸಾಲ ಅದರ ಒಟ್ಟು ಉತ್ಪನ್ನದ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂಬುದು ತಾತ್ಪರ್ಯ. ದೊಡ್ಡ ದೊಡ್ಡ ಮಂತ್ರಿಗಳು ಅದನ್ನು ಹಿಡಿದು ಮಾತಾಡಿದರು. ಆ್ಯಮ್ಹರ್ಸ್ಟ್‌ನ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ, ಪ್ರಕಟವಾದ ಯಾವುದಾದರೂ ಲೆಕ್ಕವನ್ನು ಮತ್ತೆ ಹಾಕಿ ತೋರಿಸು ಎಂಬ ಕ್ಲಾಸಿನ ಅಸೈನ್‌ಮೆಂಟ್ ಬಂತು. ಎಷ್ಟು ಹಾಕಿದರೂ ತಾಳೆಯಾಗದು. ಕೊನೆಗೆ ಮೂಲ ಎಕ್ಸೆಲ್ ಕಡತವನ್ನೇ ತರಿಸಿಕೊಂಡು ಮನೆಯೊಳಗೆ ಇಣುಕಿದರೆ, ಸರಾಸರಿಯ ಸೂತ್ರ ಪಟ್ಟಿಯ ಕೊನೆಯವರೆಗೆ ಇಳಿಯದೆ ಐದು ದೇಶಗಳನ್ನು ಬಿಟ್ಟು ನಿಂತಿತ್ತು. ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡ, ಡೆನ್ಮಾರ್ಕ್ ಲೆಕ್ಕದಿಂದ ಮಾಯ! ಇದರ ಜೊತೆಗೆ ಇನ್ನೆರಡು ತಕರಾರುಗಳನ್ನೂ ಸರಿಪಡಿಸಿದಾಗ, ಸಾಲಗಾರ ದೇಶಗಳ ಬೆಳವಣಿಗೆ ಸೊನ್ನೆಗಿಂತ 0.1 ಕೆಳಗಿದ್ದದ್ದು ಶೇ. 2.2ಕ್ಕೆ ಏರಿತು. 2013ರಲ್ಲಿ ಅವನು ತನ್ನ ಮೇಷ್ಟ್ರುಗಳ ಜೊತೆ ಸೇರಿ ಇದನ್ನು ಪ್ರಕಟಿಸಿದ. ಸೂತ್ರದಲ್ಲಿ ಸಾಲು ಬಿಟ್ಟುಹೋದದ್ದನ್ನು ಮೂಲ ಲೇಖಕರೂ ಒಪ್ಪಿಕೊಂಡರು.

ಇಂಥ ವಿದ್ಯಾರ್ಥಿಗಳಿಂದ ವಿದ್ವತ್ತನ್ನು ಕಾಪಾಡಲೆಂದೇ ನಮ್ಮ ಪೂರ್ವಸೂರಿಗಳು ರೆಕಾರ್ಡ್ ಪುಸ್ತಕವನ್ನು ಕಂಡುಹಿಡಿದರು. ಕಂಪ್ಯೂಟರಿನಲ್ಲಿ ಮಾಡಬೇಕಾದುದನ್ನು ಕೈಯಲ್ಲಿ ಬರೆಯುವುದೇ ರೆಕಾರ್ಡ್. ಬಲಪುಟದಲ್ಲಿ ನೀಲಿ ಶಾಯಿಯಲ್ಲಿ ವಿಧಾನ, ಎಡಪುಟದಲ್ಲಿ ಪೆನ್ಸಿಲು ಸ್ಕೇಲು ಹಿಡಿದು ಎಳೆದ ಎಕ್ಸೆಲ್ ಪರದೆ. ಒಂದು ಅಂಕಿ ತಪ್ಪಿದರೆ ರಬ್ಬರಿನಿಂದ ಒರೆಸಿ, ಅದರ ಮುಂದಿನದನ್ನು ಒರೆಸಿ, ಕೆಳಗಿನ ಮೊತ್ತವನ್ನು ಒರೆಸಿ... ಬ್ರಿಕ್ಲಿನ್ ಎಲ್ಲಿಂದ ಎದ್ದು ಹೋಗಿದ್ದನೋ ಸರಿಯಾಗಿ ಅಲ್ಲಿಗೇ ನಾವು ಬಂದು ಕೂತಿದ್ದೆವು.

ರೆಕಾರ್ಡುಗಳ ಹಸ್ತಪ್ರತಿ ಪರಂಪರೆ ಗ್ರಂಥಸಂಪಾದಕರ ಗಮನಕ್ಕೆ ಯೋಗ್ಯವಾದುದು. ನನ್ನ ಸೀನಿಯರಿನದನ್ನು ‘ಕ’ ಪ್ರತಿ, ಅದನ್ನು ನಕಲಿಸಿದ ನನ್ನದನ್ನು ‘ಖ’ ಪ್ರತಿ, ನನ್ನದನ್ನು ನಕಲಿಸಿದ ಜೂನಿಯರಿನದನ್ನು ‘ಗ’ ಪ್ರತಿ ಎನ್ನೋಣ. ‘ಕ’ದಲ್ಲಿ ‘ವಿ ಲುಕಪ್’ ಎಂಬ ಶುದ್ಧಪಾಠವಿದೆ. ‘ಖ’ದಲ್ಲಿ ನಿದ್ದೆಗಣ್ಣಿನ ಲಿಪಿಕಾರದೋಷದಿಂದ ‘ವಿ ಲಾಕಪ್’ ಎಂದಾಗಿದೆ. ಇದನ್ನೇ ನಂಬಿ ಲುಕಪ್ಪ ಕೆಲಕಾಲ ಪೊಲೀಸರ ವಶದಲ್ಲಿದ್ದನೆಂದು ಮುಂದೆ ಯಾರಾದರೂ ವಾದಿಸಿದರೆ ಹೊಣೆ ನನ್ನದು. ‘ಕ’ದಲ್ಲಿ ಸೀನಿಯರು ಏನೋ ತಪ್ಪಿ ಉತ್ತರದ ಮನೆಯಲ್ಲಿ ಎನ್.ಎ. ಎಂದು ಬಂದಿತ್ತು. ನಾನು ಅದನ್ನು ಕೆಂಪು ಶಾಯಿಯಲ್ಲಿ, ಸ್ಕೇಲಿಟ್ಟು, ಹೆಚ್ಚು ಅಂದವಾಗಿ ಬರೆದೆ. ಗುರುಗಳು ಹತ್ತಕ್ಕೆ ಹತ್ತು ಕೊಟ್ಟು ಸಹಿ ಹಾಕಿದರು.

‘ಗ’ ಪ್ರತಿಯನ್ನು ನಾನು ನೋಡಿದ್ದು ಮರುವರ್ಷ. ಎನ್.ಎ. ಹಾಗೇ ಇತ್ತು, ಲಾಕಪ್ ಹಾಗೇ ಇತ್ತು. ಎಡಪುಟದ ಮೂಲೆಯಲ್ಲಿ ಮಾತ್ರ ‘ಕ’ದಲ್ಲಿ ಇಲ್ಲದ ಹೊಸ ಆಕೃತಿಯೊಂದಿತ್ತು: ಕೈವಾರದಿಂದ ಎಳೆದ ದುಂಡನೆಯ ವೃತ್ತ, ಅಂಚಿಗೆ ಕಂದು ಬಣ್ಣ. ನಾನು ಪರೀಕ್ಷೆಯ ಹಿಂದಿನ ರಾತ್ರಿ ರೆಕಾರ್ಡಿನ ಮೇಲೆ ಟೀ ಲೋಟ ಇಟ್ಟ ಜಾಗ ಅದು. ಅದರ ಕೆಳಗೆ ಹುಡುಗ ಮುತ್ತಿನಂಥ ಅಕ್ಷರದಲ್ಲಿ ‘ಚಿತ್ರ 4: ಪೈ ಚಾರ್ಟ್’ ಎಂದು ಬರೆದಿದ್ದ. ಪಕ್ಕದಲ್ಲಿ ಸರಿ ಗುರುತು, ತಾರೀಖು, ಗುರುಗಳ ಸಹಿ.