ಒಂದು, ಮೂರು, ಎರಡು

ನಂಜನಗೂಡಿನವರಿಗೆ ಸ್ವಂತ ವೈದ್ಯದ ಹುಚ್ಚು ನೀರಿನಿಂದಲೇ ಬಂದದ್ದು. ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ನಮ್ಮ ದೇವರನ್ನೇ ‘ಹಕೀಮ್ ನಂಜುಂಡ’ ಎಂದು ಕರೆದನೆಂಬುದು ಪ್ರತೀತಿ. 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ತೆರೆದು ಊರಿನ ಹೆಸರನ್ನು ಹಲ್ಲುಪುಡಿಗೆ ಕೊಟ್ಟರು. ಇಂಥ ಊರಿನಲ್ಲಿ ಹುಟ್ಟಿದ ನಾನು, ತಿ. ನರಸೀಪುರದ ಮಾವನ ಮನೆಯ ಅಂಗಳದಲ್ಲಿ ನಿಂತ ಹಳೇ ಮಾರುತಿ 800ಕ್ಕೆ ಹೊರಗಿನವರ ಕೈಯಲ್ಲಿ ಮದ್ದು ಮಾಡಿಸುವುದೆ?

“ಮಿಸ್ಸಿಂಗ್ ಹೊಡೀತಿದೆ, ಗ್ಯಾರೇಜಿಗೆ ಬಿಡಬೇಕು” ಎಂದರು ಮಾವ.

“ಯಾಕೆ ದುಡ್ಡು ದಂಡ? ಒಂದು ಪುಸ್ತಕ ತಂದು ನಾನೇ ಮಾಡ್ತೀನಿ.”

ಮಾವನವರು ತುಂಬ ಹೊತ್ತು ಸುಮ್ಮನಿದ್ದರು. ಮಗಳನ್ನಂತೂ ಕೊಟ್ಟಾಗಿತ್ತು, ಕಾರನ್ನೂ ಕೊಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದರು.

ಕಾರಿನ ಜೊತೆ ಬಂದ ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇತ್ತು. ಓದುಗನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲದ ಕೃತಿ. ನೀರು ನೋಡಿ, ಗಾಳಿ ನೋಡಿ, ಬಲ್ಬು ಬದಲಿಸಿ, ಮಿಕ್ಕದ್ದಕ್ಕೆಲ್ಲ ಅಧಿಕೃತ ವರ್ಕ್‌ಶಾಪಿಗೆ ಹೋಗಿ. ಐಟಿಐ ಹುಡುಗರ ಪಠ್ಯ ತಂದೆ. ಫೋರ್ ಸ್ಟ್ರೋಕ್ ಎಂಜಿನ್ನಿನ ತತ್ತ್ವವೆಲ್ಲ ಅದರಲ್ಲಿತ್ತು. ಆ ತತ್ತ್ವ ನಮ್ಮ ಬಾನೆಟ್ಟಿನ ಕೆಳಗೆ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದೊಂದು ಇರಲಿಲ್ಲ.

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕಗಳ ರಾಶಿಯಲ್ಲಿ ಹೇನ್ಸ್ ಸಿಕ್ಕಿತು. ಜಾನ್ ಹೇನ್ಸ್ ಎಂಬ ಇಂಗ್ಲೆಂಡಿನ ಪುಣ್ಯಾತ್ಮ 1966ರಲ್ಲಿ ಆಸ್ಟಿನ್ ಹೀಲಿ ಸ್ಪ್ರೈಟ್ ಕಾರಿನಿಂದ ಶುರುಮಾಡಿದ ಮಾಲೆ. ಕಾರನ್ನು ನಿಜವಾಗಿ ಬಿಚ್ಚಿ, ಮತ್ತೆ ಜೋಡಿಸಿ, ಅದರ ಫೋಟೊ ಹಾಕಿ ಬರೆಯುತ್ತಾರೆ. ಕೆಲಸ ಎಷ್ಟು ಕಷ್ಟವೆಂದು ಒಂದರಿಂದ ಐದರವರೆಗೆ ಪಾನಾಗಳ ಚಿತ್ರ ಹಾಕಿ ಮೊದಲೇ ಎಚ್ಚರಿಸುತ್ತಾರೆ. ಐದು ಪಾನಾ ಕಂಡರೆ ನಮ್ಮಂಥವರು ಗೌರವದಿಂದ ಪುಟ ತಿರುವಬೇಕು. ಆದರೆ ಸಿಕ್ಕ ಪ್ರತಿ ನಮ್ಮ ದೇಶದ ರಸ್ತೆಯನ್ನೇ ಕಾಣದ ಯಾವುದೋ ಕಾರಿನದು. “ಎಲ್ಲಾ ಕಾರಿಗೂ ನಾಲ್ಕೇ ಚಕ್ರ ಸಾರ್, ತಗೊಳ್ಳಿ” ಎಂದ ಅಂಗಡಿಯವನು. ಅವನ ತರ್ಕಕ್ಕೆ ಮರುಳಾಗುವುದರಲ್ಲಿದ್ದೆ, ಅಷ್ಟರಲ್ಲಿ ಅಡಿಯಿಂದ ಸ್ಪೈರಲ್ ಬೈಂಡಿನ ಝೆರಾಕ್ಸ್ ಪ್ರತಿಯೊಂದು ಇಣುಕಿತು: ಮಾರುತಿ 800ರ ಸರ್ವಿಸ್ ಮ್ಯಾನ್ಯುಯಲ್.

ಕೈಪಿಡಿ ಕೊಳ್ಳುವವರಿಗೆ ನನ್ನದೊಂದು ಸಿದ್ಧಾಂತವಿದೆ: ಜಿಡ್ಡು ನೋಡಿ ಕೊಳ್ಳಿ. ಈ ಪ್ರತಿಯಲ್ಲಿ ಟ್ಯೂನಿಂಗ್ ಅಧ್ಯಾಯದ ತುಂಬ ಕಪ್ಪು ಹೆಬ್ಬೆಟ್ಟುಗಳು. ಕಾರ್ಬೊರೇಟರ್ ಅಧ್ಯಾಯದ ನಡುವಿನಿಂದ ಮುಂದಕ್ಕೆ ಒಂದು ಕಲೆಯಿಲ್ಲ. ಹಿಂದಿನ ಯಜಮಾನ ಅಲ್ಲಿಗೆ ಕೈಮುಗಿದಿದ್ದಾನೆ. ಸ್ಪೈರಲ್ ಆದ್ದರಿಂದ ತೆರೆದಿಟ್ಟರೆ ತೆರೆದೇ ಇರುತ್ತದೆ. ವೈರಿಂಗ್ ನಕ್ಷೆಯಲ್ಲಿ ಕೆಂಪು, ಹಸಿರು, ಹಳದಿ ತಂತಿಗಳೆಲ್ಲ ಝೆರಾಕ್ಸಿನ ಕೃಪೆಯಿಂದ ಕಪ್ಪಾಗಿದ್ದವು, ನಿಜ. ನನಗೆ ಬೇಕಾದದ್ದು ಟ್ಯೂನಿಂಗ್ ತಾನೆ?

ಭಾನುವಾರ ಕೆಲಸ ಶುರುವಾಯಿತು. ನನ್ನ ಎರಡೂ ಕೈಗೆ ಗ್ರೀಸು, ಓದಿ ಹೇಳುವವರು ಬೇಕು. ನನ್ನಾಕೆ ಜಗಲಿಯ ಮೇಲೆ ಚಾಪೆ ಹಾಸಿ ಕೂತಳು. ಅವಳು ಗಮಕ ಕಲಿತವಳು, ಏನು ಓದಿದರೂ ತಾನಾಗಿ ರಾಗ ಬಂದುಬಿಡುತ್ತದೆ. ವಾಚನ ಕೇಳಿಸುತ್ತಲೇ ಪಕ್ಕದ ಮನೆಯ ನಿವೃತ್ತ ಖಜಾನೆ ಗುಮಾಸ್ತರು ವ್ಯಾಖ್ಯಾನಕ್ಕೆಂದು ಕುರ್ಚಿ ಸಮೇತ ಬಂದರು. ಕಾಶಿಗಿಂತ ಗುಲಗಂಜಿಯಷ್ಟು ಹೆಚ್ಚು ಎನಿಸಿಕೊಂಡ ಕ್ಷೇತ್ರ ಈ ತಿ. ನರಸೀಪುರ. ಸಲಹೆಯೂ ಕೇಳಿದ್ದಕ್ಕಿಂತ ಗುಲಗಂಜಿಯಷ್ಟು ಹೆಚ್ಚೇ ಸಿಗುತ್ತದೆ.

ಪ್ಲಗ್ಗಿನಿಂದ ವೈರ್ ಬಿಡಿಸುವಾಗ ವೈರನ್ನು ಎಳೆಯದೆ ಕ್ಯಾಪನ್ನು ಹಿಡಿದೆಳೆಯಬೇಕೆಂದು ಅವಳು ಮೋಹನದಲ್ಲಿ ಓದಿದಳು. “ಅಂದರೆ ಅಳಿಯಂದ್ರೇ, ಯಾವತ್ತೂ ಬುಡ ಹಿಡೀಬೇಕು, ಬಾಲ ಹಿಡೀಬಾರದು. ಆಫೀಸಿನಲ್ಲೂ ಅಷ್ಟೆ” ಎಂದರು ಗುಮಾಸ್ತರು. ಪಾಯಿಂಟ್ ಗ್ಯಾಪು 0.4ರಿಂದ 0.5 ಮಿಲಿಮೀಟರ್ ಎಂಬುದು ಕಾಂಬೋಧಿಯಲ್ಲಿ ಬಂತು. ಅಳೆಯುವ ಗೇಜು ನನ್ನಲ್ಲಿರಲಿಲ್ಲ. ಮದುವೆ ಕಾಗದ ತೂರಿಸಿ ನೋಡಿದರಾಯಿತು ಎಂದು ವ್ಯಾಖ್ಯಾನವಾಯಿತು. ಅತ್ತೆಯವರು ಒಳಗಿಂದ ಒಂದು ಕಟ್ಟು ತಂದರು. ಒಂದು ತೀರಾ ತೆಳು, ಇನ್ನೊಂದು ರಟ್ಟು. ಹದವಾಗಿದ್ದ ಒಂದನ್ನು ನಾನು ಎತ್ತಿಕೊಂಡರೆ ಅತ್ತೆಯವರು ಕಿತ್ತುಕೊಂಡರು: “ಅದು ಬೇಡ. ಅವರು ನಮ್ಮನ್ನ ಬಾಯಿತುಂಬ ಕರೀಲಿಲ್ಲ.” ಕರೆದವರ ಕಾಗದವನ್ನೇ ಹುಡುಕಿ ಗ್ಯಾಪು ಇಟ್ಟದ್ದಾಯಿತು. ಬೀದಿಯ ಮಕ್ಕಳು ಕಾಂಪೌಂಡಿನ ಮೇಲೆ ಸಾಲಾಗಿ ಕೂತಿದ್ದವು. ಕಾಫಿ ಬಂತು.

ಆಗ ಬಂತು ಫೈರಿಂಗ್ ಆರ್ಡರ್. “ಒಂದು, ಮೂರೂ... ಎರಡು” ಎಂದು ಅವಳು ಹಂಸಧ್ವನಿಯಲ್ಲಿ ಮೂರನ್ನು ಎಳೆದಳು. ಗುಮಾಸ್ತರು ಕೈಯೆತ್ತಿದರು.

“ನಿಲ್ಲಿಸು ತಾಯಿ. ಒಂದಾದ ಮೇಲೆ ಮೂರು ಹೇಗೆ ಬರುತ್ತೆ?”

“ಹಾಗೇ ಇದೆ ಮಾಮ.”

“ಇದ್ದರೇನು? ಅಚ್ಚಿನ ದೋಷ.” ಕನ್ನಡಕ ಏರಿಸಿ, ಜೇಬಿನಿಂದ ಕೆಂಪು ಪೆನ್ನು ತೆಗೆದು 1-2-3 ಎಂದು ತಿದ್ದಿ, ಪಕ್ಕದಲ್ಲೊಂದು ಚಿಕ್ಕ ಸಹಿ, ಕೆಳಗೆ ತಾರೀಖು ಹಾಕಿದರು. ಸಹಿ ಬಿದ್ದ ಕಡತವನ್ನು ಪ್ರಶ್ನಿಸಲು ನಾನು ಯಾರು? ತಿದ್ದುಪಡಿಯ ಪ್ರಕಾರವೇ ವೈರು ಸಿಕ್ಕಿಸಿ ಕೀ ತಿರುಗಿಸಿದೆ.

ಢಂ!

ತೆಂಗಿನ ಮರದ ಕಾಗೆಗಳೆಲ್ಲ ಎದ್ದವು. ಮಕ್ಕಳು ಚಪ್ಪಾಳೆ ತಟ್ಟಿ ಇನ್ನೊಂದು ಸಲ ಎಂದವು. ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು ಯಾವ ದೇವರ ಮೆರವಣಿಗೆ ಎಂದು ಕೇಳಿದರು. ಮಾವನವರು ಒಂದೂ ಮಾತಾಡದೆ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟರು.

ಅವರೊಡನೆ ಬಂದ ಮೆಕ್ಯಾನಿಕ್ ಬಾನೆಟ್ಟಿನೊಳಗೆ ಕೈಹಾಕಿ, ನನ್ನ ಜೊತೆ ಮಾತಾಡುತ್ತಲೇ ಎರಡು ವೈರು ಅದಲುಬದಲು ಮಾಡಿದ. ಎರಡನೇ ಪ್ಲಗ್ಗಿನ ಮಸಿ ಉಜ್ಜಿದ. ಗಾಡಿ ಸ್ಟಾರ್ಟ್ ಆಯಿತು, ಮಿಸ್ಸಿಂಗೂ ಹೋಯಿತು. “ಮೂರು ಸಿಲಿಂಡರ್ ಸಾರ್. ಕ್ರ್ಯಾಂಕು ಎರಡು ಸುತ್ತು ಬರೋಷ್ಟರಲ್ಲಿ ಮೂರೂ ಒಂದೊಂದು ಸಲ ಹೊಡೀಬೇಕು. ಇದರಲ್ಲಿ ಅವು ಹೊಡೆಯೋದೇ ಒಂದು-ಮೂರು-ಎರಡು.”

ಆಮೇಲೆ ಅವನ ಕಣ್ಣು ಪುಸ್ತಕದ ಮೇಲೆ ಬಿತ್ತು. ಮುಟ್ಟುವ ಮೊದಲು ವೇಸ್ಟ್ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು, ಪುಟದ ಅಂಚು ಮಾತ್ರ ಹಿಡಿದು ತಿರುವಿದ. “ಹೊಸ ಗಾಡಿಗಳದ್ದು ಇಂಥದ್ದು ಸಿಗುತ್ತಾ ಸಾರ್?” ಎಂದ. ಹೊಸ ಗಾಡಿ ಬಂದು ಮೀಟರಿನಲ್ಲಿ ಹಳದಿ ದೀಪ ಹತ್ತಿಕೊಂಡರೆ ಅವನು ಮೈಸೂರಿಗೆ ಕಳಿಸಬೇಕಂತೆ, ಹೋದ ಗಿರಾಕಿ ಮತ್ತೆ ಬರುವುದಿಲ್ಲವಂತೆ. ನನಗೆ ರೇಗಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗೆಂದೇ ಪೋರ್ಟಲ್ ತೆರೆದು, ಫೋನು, ಟ್ರ್ಯಾಕ್ಟರುಗಳ ಜೊತೆ ಕಾರನ್ನೂ ಸೇರಿಸಿತು. ಹಕ್ಕು ಪೋರ್ಟಲ್ಲಿನಲ್ಲಿದೆ, ಈ ಮನುಷ್ಯನ ಕೈಗೆ ಪುಸ್ತಕ ಬಂದಿಲ್ಲ. ಲಕ್ಷಗಟ್ಟಲೆ ಎಣಿಸಿ ಕಾರು ಕೊಂಡವನಿಗೂ ಕಂಪನಿ ಕೊಡುವುದು ಫೋನು ಜೋಡಿಸುವುದು ಹೇಗೆಂಬ ಪುಸ್ತಕ. “ಇದನ್ನ ನೀವೇ ಇಟ್ಕೊಳ್ಳಿ” ಎಂದೆ.

ಅವನು ಖುಷಿಯಿಂದ ಪುಟ ತಿರುವುತ್ತ ಕೆಂಪು ಸಹಿಯ ಹತ್ತಿರ ನಿಂತ. “ಇದು ಯಾರು ಸಾರ್ ತಿದ್ದಿದ್ದು?”

ಕುರ್ಚಿ ಮಡಚಿಕೊಂಡು ಮೆಲ್ಲಗೆ ಒಳಗೆ ಹೋಗುತ್ತಿದ್ದ ಗುಮಾಸ್ತರನ್ನು ತೋರಿಸಿದೆ.

“ಅವರ ಹತ್ರ ಗಾಡಿ ಇದ್ಯಾ?”

“ಒಂದು ಹಳೇ ಸ್ಕೂಟರಿದೆ.”

“ನನ್ನ ನಂಬರ್ ಕೊಟ್ಟಿರಿ.”