ನಿಮ್ಮದು ಬಯಲು, ಅವರದು ಗುಟ್ಟು

ಹೊಟ್ಟೆಯುರಿಗೆ ಹತ್ತು ಮಾತ್ರೆ ಕೊಡಪ್ಪಾ ಅಂದರೆ ಮೆಡಿಕಲ್ ಸ್ಟೋರಿನ ಹುಡುಗ ಮೊದಲು ಫೋನ್ ನಂಬರ್ ಕೇಳುತ್ತಾನೆ. ಯಾಕೆ? "ಸಿಸ್ಟಮ್ ತಗೊಳ್ಳಲ್ಲ ಸಾರ್." ನಂಬರ್ ಕೊಡದವರ ಹೊಟ್ಟೆಯುರಿ ಹಾಗೇ ಉರಿಯುತ್ತಿರಬೇಕು. ಅವನ ಮುಂದೆ ಗಟ್ಟಿಯಾಗಿ ಹತ್ತು ಅಂಕಿ ಒಪ್ಪಿಸಬೇಕು. ಅವನು ಇನ್ನೂ ಗಟ್ಟಿಯಾಗಿ ತಿರುಗಿ ಒದರುತ್ತಾನೆ, ತಪ್ಪಾಗಬಾರದಲ್ಲ. ಸಂಜೆಯೊಳಗೆ ಸಕ್ಕರೆ ಕಾಯಿಲೆ ತಪಾಸಣೆಗೆ ಅರ್ಧ ಬೆಲೆ ಎಂಬ ಮೆಸೇಜು ಬಂದಿರುತ್ತದೆ.

ಬಿಲ್ ಮಾಡಲು ಫೋನ್ ನಂಬರ್ ಕೊಡಲೇಬೇಕೆಂದು ಅಂಗಡಿಯವರು ಪಟ್ಟು ಹಿಡಿಯುವಂತಿಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಹೇಳಿತ್ತು. ಹೇಳಿತು. ಹೇಳಿ ಸುಮ್ಮನಾಯಿತು. ಸಿಸ್ಟಮ್ ಇಲಾಖೆಗಿಂತ ದೊಡ್ಡದು.

"ಕೊಟ್ಟುಬಿಡಿ ಸಾರ್, ನಾವೇನು ಕಳ್ಳತನ ಮಾಡಿದ್ದೀವಾ?" ಹಿಂದೆ ನಿಂತವರ ಉಪದೇಶ. ಇವರ ಮನೆಯ ಬಚ್ಚಲಿಗೆ ಚಿಲಕ ಹಾಕಿಸಿದ್ದು ಮತ್ತೆ ಯಾಕೋ?

ಇದರಲ್ಲಿ ನಾಚಿಕೆಗೇಡಿನ ಸಂಗತಿ ಒಂದಿದೆ. ಖಾಸಗಿತನಕ್ಕಾಗಿ ಹೋರಾಡಿ ಗೆದ್ದವರು ನಮ್ಮ ಬೆಂಗಳೂರಿನವರೇ. ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86ರ ಪ್ರಾಯ. ಮೊಮ್ಮಕ್ಕಳ ಜತೆ ಆರಾಮಾಗಿ ಇರಬಹುದಾಗಿದ್ದ ಮನುಷ್ಯ. 2015ರಲ್ಲಿ ಕೇಂದ್ರ ಸರ್ಕಾರದ ವಕೀಲರು ಅದೇ ಕೋರ್ಟಿನಲ್ಲಿ ನಿಂತು, ಸ್ವಾಮಿ, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ವಾದಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಹಕ್ಕು ಹೌದು ಅಂದರು. ಅವತ್ತೇ ಕೇಂದ್ರ ಸರ್ಕಾರ ತೀರ್ಪನ್ನು ಸ್ವಾಗತಿಸಿತು. ನಾವು ಹೇಳಿದ್ದೂ ಇದನ್ನೇ ಅಂದಿತು. ಸೋತವರೇ ಪಟಾಕಿ ಹೊಡೆದ ಏಕೈಕ ಮೊಕದ್ದಮೆ ಇದಿರಬೇಕು.

2022ರ ಮೇ 27ಕ್ಕೆ ಬನ್ನಿ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಗೆ ಅದೇನು ಜ್ಞಾನೋದಯವಾಯಿತೋ, ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಜೆರಾಕ್ಸನ್ನು ಯಾವ ಸಂಸ್ಥೆಗೂ ಕೊಡಬೇಡಿ, ದುರ್ಬಳಕೆ ಆಗಬಹುದು. ಕೊಡಲೇಬೇಕಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಇಂಥ ಸರಳ, ಶುದ್ಧ ಸತ್ಯವನ್ನು ಸರ್ಕಾರಿ ಕಚೇರಿಯೊಂದು ಹೇಳಿದ್ದು ಅಪರೂಪ. ಎರಡು ದಿನ ಬಾಳಿತು. ಮೇ 29ರಂದು ಪ್ರಕಟಣೆ ವಾಪಸ್. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳುವ ಸಾಧ್ಯತೆ ಇದೆಯಂತೆ. ಎಲ್ಲರೂ ಸಾಮಾನ್ಯ ವಿವೇಚನೆ ಬಳಸಿದರೆ ಸಾಕಂತೆ. ಭಯ ಇದ್ದದ್ದು ಜನ ಸರಿಯಾಗಿ ಅರ್ಥ ಮಾಡಿಕೊಂಡಾರು ಎಂದು.

ಈ ಸಾಮಾನ್ಯ ವಿವೇಚನೆ ಹೇಗಿರುತ್ತದೆ ನೋಡಬೇಕೇ? ಯಾವುದಾದರೂ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ. ಗೋಡೆಯ ಮೇಲೆ ಮಾರ್ಕರಿನಲ್ಲಿ ವಾಟ್ಸಾಪ್ ನಂಬರ್ ಬರೆದಿರುತ್ತದೆ. "ಅದಕ್ಕೆ ಕಳಿಸಿ ಅಂಕಲ್." ಕಳಿಸುತ್ತೀರಿ. ಅಕ್ಷರ ಅಳಿಸಿಹೋದ ಕೀಬೋರ್ಡಿನ ಆ ಕಂಪ್ಯೂಟರಿನಲ್ಲಿ ಡೌನ್‌ಲೋಡ್ಸ್ ತೆರೆದರೆ ಅರ್ಧ ವಾರ್ಡು ಅಲ್ಲೇ ಮಲಗಿದೆ. ಒಬ್ಬರ ಕ್ರಯಪತ್ರ, ಇನ್ನೊಬ್ಬರ ಪಾಸ್‌ಬುಕ್ಕಿನ ಮೊದಲ ಪುಟ, ಯಾರದೋ ಸೊಸೆಯ ಸ್ಕ್ಯಾನಿಂಗ್ ರಿಪೋರ್ಟ್. ಅಳಿಸುವವರು ಯಾರು? ಸರಿಯಾಗಿ ಬೀಳದ ಪ್ರತಿಗಳು ರದ್ದಿ ಕಟ್ಟಿಗೆ ಹೋಗುತ್ತವೆ. ಅದರ ಬೆನ್ನಿಗೇ ಅಂಗಡಿಯವನು ಮುಂದಿನ ಗಿರಾಕಿಯ ಲೆಕ್ಕ ಬರೆದು ಹರಿದು ಕೊಡುತ್ತಾನೆ. ಚೀಟಿ ತಿರುಗಿಸಿ ನೋಡಿದರೆ ಗುರುತಿಲ್ಲದ ಅಜ್ಜಿಯೊಬ್ಬರು ಆಧಾರ್ ಫೋಟೊದಲ್ಲಿ ಕಣ್ಣರಳಿಸಿ ನೋಡುತ್ತಿರುತ್ತಾರೆ, ಹನ್ನೆರಡು ಅಂಕಿಯ ಸಮೇತ.

ಒಂದು ದಿನ ಖಾಕಿ ತೊಟ್ಟವನೊಬ್ಬ ವಿಡಿಯೊ ಕಾಲ್ ಮಾಡಿ ನಿಮ್ಮ ಅಪ್ಪನ ಹೆಸರು, ಆಧಾರ್ ನಂಬರ್ ಎಲ್ಲ ಹೇಳಿ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ ಅನ್ನುತ್ತಾನೆ. ಇವನಿಗೆ ಇದೆಲ್ಲ ಹೇಗೆ ಸಿಕ್ಕಿತು ಎಂದು ಇಡೀ ಮನೆ ಬೆರಗಾಗುತ್ತದೆ. ದುಡ್ಡು ಕಳೆದುಕೊಂಡು ದೂರು ಕೊಡಲು ಠಾಣೆಗೆ ಹೋದರೆ ಮೊದಲ ಪ್ರಶ್ನೆ: "ಆಧಾರ್ ಜೆರಾಕ್ಸ್ ತಂದಿದ್ದೀರೇನ್ರೀ?"

ಸರ್ಕಾರವನ್ನಷ್ಟೇ ಬೈದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ನಮ್ಮ ಅಪಾರ್ಟ್‌ಮೆಂಟು ಮಂದಿ ಇದ್ದಾರಲ್ಲ.

2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತು. 60 ಪ್ರಶ್ನೆ. ಉತ್ತರ ಕೊಡುವುದು ಬಿಡುವುದು ಜನರ ಇಚ್ಛೆ, ಮಾಹಿತಿ ಗೋಪ್ಯವಾಗಿರಬೇಕು ಎಂದು ಹೈಕೋರ್ಟ್ ಹೇಳಿತು. ಸರಿಯಾದ ಮಾತೇ. ತಗೊಳ್ಳಿ, ಅಪಾರ್ಟ್‌ಮೆಂಟುಗಳಲ್ಲಿ ಖಾಸಗಿತನದ ಪ್ರಜ್ಞೆ ಜಾಗೃತವಾಯಿತು. ಸಮೀಕ್ಷೆಗೆಂದು ಬಿಸಿಲಲ್ಲಿ ನಡೆದು ಬಂದ ಟೀಚರಮ್ಮನನ್ನು ಗೇಟಿನಲ್ಲೇ ತಡೆದರು. ನಮ್ಮ ಮಾಹಿತಿ ಕೇಳಲು ನೀವ್ಯಾರು? ತಡೆದು ಏನು ಮಾಡಿದರು? ಆಕೆಯ ಹೆಸರು, ಫೋನ್ ನಂಬರ್ ಬರೆಸಿಕೊಂಡು, ಒಂದು ಫೋಟೊ ಕ್ಲಿಕ್ಕಿಸಿ ಗೇಟಿನ ಆಪ್‌ಗೆ ಹಾಕಿಕೊಂಡರು.

ಮನೆಗೆಲಸದಾಕೆ ಎಷ್ಟಕ್ಕೆ ಒಳಗೆ ಬಂದಳು, ಎಷ್ಟಕ್ಕೆ ಹೊರಗೆ ಹೋದಳು, ಎಷ್ಟು ಮನೆ ಮಾಡುತ್ತಾಳೆ, ಎಲ್ಲ ಅದೇ ಆಪ್‌ನಲ್ಲಿದೆ. ಆಕೆಗೆ ಸ್ಟಾರ್ ಕೊಡುವ ಏರ್ಪಾಡೂ ಇದೆ. ಆಕೆಯನ್ನು ಒಂದು ಮಾತು ಕೇಳಿದವರಿಲ್ಲ. ಕೇಳಿದರೆ ಉತ್ತರ ಸಿದ್ಧ: ಸೆಕ್ಯೂರಿಟಿ. ತಮ್ಮದಾದರೆ ಪ್ರೈವಸಿ, ಕೆಲಸದವಳದಾದರೆ ಸೆಕ್ಯೂರಿಟಿ. ಇದೇ ಮಹನೀಯರು ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣಿಟ್ಟು, ನಂಬರ್ ಪ್ಲೇಟ್ ಕಾಣುವಂತೆ ಸ್ಟೇಟಸ್ ಹಾಕುತ್ತಾರೆ. ಮಗಳ ಹುಟ್ಟಿದ ತಾರೀಕು ಊರಿಗೆಲ್ಲ ಗೊತ್ತು. ಬ್ಯಾಂಕಿನ ಪಾಸ್‌ವರ್ಡೂ ಅದೇ.

ಇರಲಿ. ಇವರದು ದಡ್ಡತನ. ದಿಲ್ಲಿಯವರದು ಜಾಣತನ.

2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ತಪ್ಪು ಮಾಡಿದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಎಂದು ತಮಟೆ ಬಡಿದರು. ನಿಯಮಗಳು ಹೊರಬರಲು ಎರಡು ವರ್ಷ ದಾಟಿತು, 2025ರ ನವೆಂಬರ್ ಆಯಿತು. ಆಗ ನಡೆದ ಕೈಚಳಕ ನೋಡಿ. ನಿಮ್ಮ ಒಪ್ಪಿಗೆ ಕೇಳಬೇಕು, ಬೇಡವೆಂದರೆ ಮಾಹಿತಿ ಅಳಿಸಬೇಕು ಅನ್ನುವ ಕಲಮುಗಳು ಜಾರಿಯಾಗುವುದು 18 ತಿಂಗಳಾದ ಮೇಲೆ. ಕಂಪನಿಗಳು ಸಿದ್ಧವಾಗಬೇಕಲ್ಲ, ಪಾಪ. ಆದರೆ 44(3) ಎಂಬ ಕಲಮಿಗೆ ಒಂದು ದಿನವೂ ಕಾಯುವ ತಾಳ್ಮೆ ಇರಲಿಲ್ಲ. ಅಧಿಸೂಚನೆ ಹೊರಟಿತು, ಅದು ಜಾರಿಯಾಯಿತು.

ಏನದು? ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಗೆ ತಿದ್ದುಪಡಿ. ಮೊದಲು ಅಲ್ಲಿ ಷರತ್ತುಗಳಿದ್ದವು. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ವಿನಾಕಾರಣ ಖಾಸಗಿತನಕ್ಕೆ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನಷ್ಟೇ ನಿರಾಕರಿಸಬಹುದಿತ್ತು. ಶಾಸನಸಭೆಗೆ ಇಲ್ಲವೆನ್ನಲಾಗದ್ದನ್ನು ಸಾಮಾನ್ಯನಿಗೂ ಇಲ್ಲ ಅನ್ನುವಂತಿರಲಿಲ್ಲ. ಅದೆಲ್ಲ ಹೋಯಿತು. ಈಗ ಉಳಿದದ್ದು ಒಂದೇ ಮಾತು: ವೈಯಕ್ತಿಕ ಮಾಹಿತಿ. ಚರಂಡಿ ಬಿಲ್ ಯಾರ ಹೆಸರಿಗೆ ಪಾಸಾಯಿತು? ವೈಯಕ್ತಿಕ. ಸಾಹೇಬರ ಪದವಿ ಅಸಲಿಯೋ ನಕಲಿಯೋ? ವೈಯಕ್ತಿಕ. ಹಾಗೆಂದು ಬರೆದು ಅರ್ಜಿ ವಾಪಸ್ ಕಳಿಸಲು ಈಗ ಗುಮಾಸ್ತನಿಗೆ ಅರ್ಧ ಸಾಲು ಸಾಕು.

8(2) ಇದೆಯಲ್ಲ, ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದಲ್ಲ ಅನ್ನುತ್ತದೆ ಸರ್ಕಾರ. ಇದೆ. ಮೊದಲು ತೂಗಿ ನೋಡುವವರು ಯಾರು? ಕೊಡಲು ಮನಸ್ಸಿಲ್ಲದ ಅದೇ ಕಚೇರಿಯವರು.

ಪುಟ್ಟಸ್ವಾಮಿ ಐದು ವರ್ಷ ಕಾದು ಪಡೆದ ಹಕ್ಕಿನ ಹೆಸರು ಹೇಳಿ ಈಗ ಅಧಿಕಾರಿಯ ಫೈಲು ಮುಚ್ಚಿಡುತ್ತಿದ್ದಾರೆ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಇದನ್ನು ನೋಡುವ ಯೋಗ ತಪ್ಪಿತು.

ಇನ್ನು ಆ 250 ಕೋಟಿ. ಕಾಯ್ದೆಯ 34ನೇ ಕಲಮಿನ ಪ್ರಕಾರ ದಂಡದ ಹಣ ಹೋಗುವುದು ಭಾರತದ ಸಂಚಿತ ನಿಧಿಗೆ. ಸೋರಿದ್ದು ನಿಮ್ಮ ಮಾಹಿತಿ, ತುಂಬುವುದು ಸರ್ಕಾರದ ಖಜಾನೆ. ನಷ್ಟವಾದವರು ಪರಿಹಾರ ಕೇಳಲು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 43ಎ ಎಂಬ ಕಲಮು ಇತ್ತಲ್ಲ, ಅದನ್ನು ಕಿತ್ತುಹಾಕುವ ಏರ್ಪಾಡೂ ಇದೇ ಕಾಯ್ದೆಯಲ್ಲಿದೆ. ತಮ್ಮ ಇಲಾಖೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ದಾರಿಯನ್ನು 17ನೇ ಕಲಮಿನಲ್ಲಿ ಮೊದಲೇ ಮಾಡಿಟ್ಟುಕೊಂಡಿದ್ದಾರೆ.

ನಾಗರಿಕನನ್ನು ಪೂರ್ತಿ ಮರೆತಿದ್ದಾರೆ ಅನ್ನುವಂತಿಲ್ಲ. ಅವನಿಗೂ ಒಂದು ಕಲಮು ಇದೆ. ದೂರು ಸುಳ್ಳೋ ಕ್ಷುಲ್ಲಕವೋ ಎಂದು ಈ ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಗೆ ಅನ್ನಿಸಿದರೆ ದೂರು ಕೊಟ್ಟವನಿಗೆ 10,000 ರೂಪಾಯಿವರೆಗೆ ದಂಡ. ಅದೂ ಅದೇ ಖಜಾನೆಗೆ.