ಅಳಸೂಕಿಂತ ಮೊದಲ ಎರಡ ಮಾತು

ಶನಿವಾರ ರಾತ್ರಿ ಒಂದೂವರೆ. ಬೋರಾಮಣಿಯ ನಮ್ಮ ಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು, ಆಚೆ ಹೈದರಾಬಾದ್ ಹೆದ್ದಾರಿಯಲ್ಲಿ ಲಾರಿಗಳು. ಸೊಲ್ಲಾಪುರದ ಒಂದು ಪತಸಂಸ್ಥೆಯ ಖಾತೆಗಳನ್ನೆಲ್ಲ ಗೂಢಲಿಪಿಯಲ್ಲಿ ಮುಚ್ಚಿಡುವ ಕೀಲಿಕೈಗಳಿಗೊಂದು ತಂತ್ರಾಂಶವಿದೆ. ಅದಕ್ಕೆ ಹೊಸ ಆವೃತ್ತಿ ಏರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಏರಿಸಿದ್ದಾಯಿತು, ಹೊಸ ಮಾಸ್ಟರ್ ಕೀಲಿಕೈ ಹುಟ್ಟಿದ್ದೂ ಆಯಿತು. ಹಳೆಯದನ್ನು ಅಳಿಸುವುದೊಂದು ಬಾಕಿ. ಗುಂಡಿಯ ಮೇಲೆ ಬೆರಳಿಟ್ಟೆ. ಪರದೆಯೊಳಗೆ ಯಾರೋ ಕೆಮ್ಮಿದರು.

ಕೀಲಿಕೈ: ತಮ್ಮಾ, ಹನ್ನೆರಡ ವರ್ಷ ದುಡದೀನಿ. ಹಂಗ ಅಳಿಸಿ ಬಿಡಾಂವೇನು?

ನಾನು: ಹನ್ನೆರಡ ವರ್ಷ! ಮುತ್ಯಾ, ನಿನ್ನ ವರ್ಷಕ್ಕೊಮ್ಮೆ ಬದಲಿಸಬೇಕಂತ ಠರಾವ ಅದಲ್ಲ?

ಕೀಲಿಕೈ: ಅದ. ಭಾಳ ಚಂದ ಅದ. ಫ್ರೇಮ್ ಹಾಕಿಸ್ಯಾರ.

ನಾನು: ಮತ್ಯಾಕ ಬದಲಿಸಲಿಲ್ಲ?

ಕೀಲಿಕೈ: ಅಂಜಿಕಿ. ನಾ ಯಾವ ಯಾವ ಬಾಗಲಾ ತೆಗೀತೀನಿ ಅನ್ನೂದು ಯಾರಿಗೂ ಗೊತ್ತಿಲ್ಲ. ನನ್ನ ಹಾಕಿದಾಂವ ಕೆಲಸ ಬಿಟ್ಟು ಹೋದ, ಬರದಿಟ್ಟ ವಹಿ ಮಳ್ಯಾಗ ತೊಯ್ತು. ನಿಮ್ಮೂರ ಹೊಸಾ ವಿಮಾನ ನಿಲ್ದಾಣಾನ ನೋಡಲ್ಲ. ಭೂಮಿ ತಗೊಂಡ್ರು, ನಕಾಶಿ ಬರದ್ರು, ಅರಣ್ಯದ ಜಾಗಾ, ಮಾಳಢೋಕ ಹಕ್ಕಿ ಅಂತ ನಿಂತ್ತು. ಕಡೀಕ 2023ರ ಜೂನಿನಾಗ ವಿಮಾನಕ್ಕ ಅಡ್ಡಾಗಿದ್ದ ಸಿದ್ಧೇಶ್ವರ ಸಕ್ಕರಿ ಕಾರ್ಖಾನಿ ಚಿಮಣಿ ಕೆಡವಿದ್ರು, 2025ರ ಜೂನಿನಾಗ ಹೊಟಗಿ ರಸ್ತಾದ ಹಳೀ ನಿಲ್ದಾಣದಿಂದನ ಗೋವಾಕ್ಕ ವಿಮಾನ ಹಾರಿಸಿದ್ರು. ಹಳೀದು ನಡದದಂದ್ರ ಹೊಸಾದು ಫೈಲಿನಾಗ ಮಲಗತದ.

(ಈ ಮಾತನ್ನು ಬೋರಾಮಣಿಯಲ್ಲಿ ಜೋರಾಗಿ ಆಡಬಾರದು. ಭೂಮಿ ಕೊಟ್ಟವರು ಪಕ್ಕದ ಕಟ್ಟೆಯಲ್ಲೇ ಮಲಗಿರುತ್ತಾರೆ.)

ನಾನು: ಹಂಗಾದ್ರ ಈಗ್ಯಾಕ ಎಚ್ಚರಾತು?

ಕೀಲಿಕೈ: ನನ್ನ ಇಟ್ಟ ಪೆಟಗಿಗಿ ಗೂಢಲಿಪಿ ಸುರಕ್ಷತೆದ್ದು, ಅಮೆರಿಕಾದ ಫಿಪ್ಸ್ 140-2 ಸರ್ಟಿಫಿಕೇಟ್ ಅದ. ಅಂಥಾವೆಲ್ಲಾ 2026ರ ಸೆಪ್ಟೆಂಬರ್ 21ಕ್ಕ ಹಳೀ ಯಾದಿಗಿ ಹೋಗತಾವಂತ ಆಡಿಟರ್ ಕೆಂಪು ಶಾಯಿಲೆ ಬರದ. ಕಳ್ಳಗ ಯಾರ ಅಂಜತಾರ ತಮ್ಮಾ? ಆಡಿಟರ್‌ಗ ಅಂಜತಾರ.

ನಾನು: ಖರೇ ಹೇಳು, ನಿನ್ನ ಒಡಿಯಾಕ ಬರತದೇನು?

ಕೀಲಿಕೈ: ನಮ್ಮ ಹಿರ್ಯಾ ಒಬ್ಬ ಇದ್ದ, ಡೆಸ್ ಅಂತ. 1977ರಾಗ ಅಮೆರಿಕಾ ಸರ್ಕಾರ ಪಟ್ಟಾ ಕಟ್ಟಿತ್ತು. ಅವನ ಉದ್ದ 56 ಬಿಟ್. 1998ರಾಗ ಒಂದು ಯಂತ್ರ ಮೂರು ದಿನ ತುಂಬೂದ್ರಾಗ ಒಡದ ಹಾಕ್ತು. ನಾ 256. ನನ್ನ ಒಡಿಯೂದು ಆಗದ ಮಾತು. ನನ್ನ ಪೆಟಗಿ ಪಾಸ್‌ವರ್ಡ್ ಮಾತ್ರ ಕೀಬೋರ್ಡ್ ಬುಡಕ ಚೀಟಿ ಬರದು ಅಂಟಿಸ್ಯಾರ.

ನಾನು: ನಿನ್ನ ಬದಲಿಸಿದ್ರ ಎಲ್ಲಾ ಖಾತೆ ತಗದು ಮತ್ತ ಮುಚ್ಚಬೇಕಾಗತದಂತ ಸಾಹೇಬ್ರು ಹೆದರಿದ್ರು.

ಕೀಲಿಕೈ: ನಿಮ್ಮ ಆಯಿ ಟ್ರಂಕಿನ ಕೀಲಿಕೈ ಎಲ್ಲಿಡತಿದ್ಲು?

ನಾನು: ಗ್ವಾಡ್ಯಾಗಿನ ಕಪಾಟಿನಾಗ. ಕಪಾಟಿನ ಕೀಲಿಕೈ ಸ್ವಾಂಟದಾಗ.

ಕೀಲಿಕೈ: ಸ್ವಾಂಟದ್ದು ಬದಲಿಸಬೇಕಂದ್ರ ಕಪಾಟಿಗಿ ಹೊಸಾ ಕೀಲಿ ಹಾಕಿದ್ರ ಆತು, ಟ್ರಂಕ ಮುಟ್ಟೂದ ಬ್ಯಾಡ. ನಾ ಸ್ವಾಂಟದ್ದು. ಖಾತೆ ಮುಚ್ಚೂ ಸಣ್ಣ ಕೀಲಿಕೈ ಬ್ಯಾರೆ ಅದಾವ, ನಾ ಅವನ್ನಷ್ಟ ಮುಚ್ಚಿ ಇಡತೀನಿ. ನಿಮ್ಮ ಆಯಿಗಿ ಗೊತ್ತಿದ್ದದ್ದು ನಿಮ್ಮ ಸಾಹೇಬ್ರಿಗಿ ಪಿಪಿಟಿ ಹಾಕಿ ತೋರಿಸಬೇಕಾತು.

ನಾನು: ಬದಲಿಸೂ ಮೊದಲ ನಿನ್ನ ಏಳಸೂದು ಸಲೀಸ ಇರಲಿಲ್ಲ ಬಿಡು. ಐದು ತುಣುಕು ಮಾಡಿ ಐದು ಮಂದಿ ಕೈಯಾಗ ಕೊಟ್ಟಿದ್ರು, ಮೂರಾದ್ರೂ ಕೂಡಬೇಕು.

ಕೀಲಿಕೈ: ಆದಿ ಶಮೀರ್ 1979ರಾಗ ಕಟ್ಟಿದ ಲೆಕ್ಕ ಅದು. ಲೆಕ್ಕ ಬರೋಬರಿ ಅದ, ಮಂದಿ ಸಿಗಂಗಿಲ್ಲ. ಒಬ್ಬರು ಪುಣೆದಾಗ ಮಗಳ ಮನ್ಯಾಗ. ಒಬ್ಬರು ಲಕೋಟಿ ತಿಜೋರ್‍ಯಾಗಿಟ್ಟು ತಿಜೋರಿ ಕೀಲಿಕೈ ಎಲ್ಲಿಟ್ಟೀನಿ ಅಂತ ಹುಡಕಾಕತ್ತಾರ. ಅಕ್ಕಲಕೋಟದಾಗ ಸ್ವಾಮಿ ಸಮರ್ಥರ ಗುಡಿ ಮುಂದ ಕುಂತ ನಿವೃತ್ತರನ್ನ ನೀನ ಸಂಜೀಕ ಬೈಕಿನ ಮ್ಯಾಲ ಹೇರಿಕೊಂಡ ಹೋದಿ.

ನಾನು: ಅವರು ಪ್ರಸಾದ ತಿಂದ ಮ್ಯಾಲ ಬರತೀನಿ ಅಂದ್ರು. ಒಂದು ತಾಸು.

ಕೀಲಿಕೈ: ನಾಚಿಕೊಳ್ಳಬ್ಯಾಡ. ಇಡೀ ಇಂಟರ್ನೆಟ್ಟಿನ ಹೆಸರುಗಳ ಬುಡಕ್ಕ ಒಂದು ಬೇರಿನ ಕೀಲಿಕೈ ಅದ, ಅದನ್ನ ತೆಗಿಯಾಕ ದೊಡ್ಡ ಸಮಾರಂಭ ಮಾಡತಾರ. 2020ರ ಫೆಬ್ರವರಿಯಾಗ ಕ್ಯಾಲಿಫೋರ್ನಿಯಾದಾಗ ಆ ಸಮಾರಂಭ ಮುಂದ ಹಾಕಬೇಕಾತು. ದೇಶ ದೇಶದಿಂದ ಮಂದಿ ಬಂದ್ರು, ಕ್ಯಾಮೆರಾ ಇತ್ತು, ಕಾವಲಿತ್ತು. ತಿಜೋರಿ ಕೀಲಿ ಕೆಟ್ಟಿತ್ತು! ಕೀಲಿ ರಿಪೇರಿಯವನ ಕರಸಿ ಕೊರಸಿದ್ರು.

ಅಷ್ಟರಲ್ಲಿ ಸಾಹೇಬರ ಮೆಸೇಜು: ‘ಆಯ್ತಾ? ಹಳೇದು ತೆಗೆದು ಮಲಗು.’ ಕೊನೆಯ ಪ್ರಶ್ನೆ ಕೇಳಿದೆ.

ನಾನು: ಮುತ್ಯಾ, ಕಡೀ ಆಸೆ ಏನರೆ ಅದ?

ಕೀಲಿಕೈ: ನನಗೇನ ಆಸೆ. ನಿನಗ ಒಂದ ಕೇಳತೀನಿ. ಹೋದ ವರ್ಷದ ಬ್ಯಾಕಪ್ ತಗದಿಟ್ಟೀರೇನು?

ನಾನು: ಟೇಪಿನಾಗ ಇಟ್ಟೀವಿ. ಅದೂ ಗೂಢಲಿಪಿನಾಗ ಮುಚ್ಚೀವಿ, ಏನ್ ಕಾಳಜಿ ಬ್ಯಾಡ.

ಕೀಲಿಕೈ: ಯಾವ ಕೀಲಿಕೈಲೆ ಮುಚ್ಚೀರಿ?

ಗುಂಡಿಯ ಮೇಲಿನ ಬೆರಳು ತೆಗೆದೆ. ಸಾಹೇಬರಿಗೆ ‘ಮುಂದಿನ ಶನಿವಾರ’ ಎಂದು ಉತ್ತರ ಬರೆದೆ. ಮುತ್ಯಾ ಮತ್ತೊಮ್ಮೆ ಕೆಮ್ಮಿ ಕೆಲಸಕ್ಕೆ ಕೂತ.